ಅದಿರನ್ನು ಮೊದಲು ಸುಡಿ, ಆಮೇಲೆ ಕುಲುಮೆ ಹಚ್ಚಿ: ತೋಟದ ಕಲ್ಲಿನಿಂದ ಕಬ್ಬಿಣ ತೆಗೆದ ವಿವರ

ತೋಟದ ಹೊಂಡದಿಂದ ಎದ್ದ ಕಲ್ಲು, ಹುತ್ತದ ಮಣ್ಣಿನ ಕುಲುಮೆ, ಕಿತ್ತು ಹಾಕಿದ ಹಳೇ ರೋಬಸ್ಟಾ ಕಾಫಿ ಗಿಡಗಳ ಇದ್ದಿಲು. ಇಷ್ಟರಲ್ಲಿ ಸುಮಾರು 1.6 ಕಿಲೋ ತೂಕದ ಒಂದು ಕಬ್ಬಿಣದ ಪಟ್ಟಿ ಕೈಗೆ ಬಂದಿದೆ. ಸುತ್ತಿಗೆ ಏಟು ತಡೆಯುತ್ತದೆ, ಬಗ್ಗಿಸಿದರೆ ಬಗ್ಗುತ್ತದೆ, ಮುರಿಯುವುದಿಲ್ಲ. ಅದರ ಫೋಟೋ ಹಾಕಿದ್ದೆ, ನೋಡಿದವರೆಲ್ಲ ಕುಲುಮೆ ಹೇಗೆ ಕಟ್ಟಿದ್ರಿ, ಬ್ಲೋಯರ್ ಯಾವುದು ಅಂತಲೇ ಕೇಳುತ್ತಿದ್ದಾರೆ. ಅದನ್ನೂ ಹೇಳುತ್ತೇನೆ. ಆದರೆ ನನ್ನ ಲೆಕ್ಕದಲ್ಲಿ ಈ ಕೆಲಸದ ಅರ್ಧ ಕುಲುಮೆಗೆ ಬೆಂಕಿ ಬೀಳುವ ಮೊದಲೇ ಮುಗಿದಿರಬೇಕು. ಅದು ಅದಿರು ಸುಡುವ ಕೆಲಸ. ಬರೀ ಸೌದೆ ಬೆಂಕಿ, ಬಯಲಲ್ಲಿ, ಒಂದು ರಾತ್ರಿ. ನೋಡಲು ಏನೂ ಮಜಾ ಇಲ್ಲ, ಅದಕ್ಕೇ ಎಲ್ಲರೂ ಅದನ್ನು ಹಾರಿಸಿ ನೇರ ಕುಲುಮೆಗೆ ಹೋಗುತ್ತಾರೆ. ಆಮೇಲೆ ಗಾಳಿ ಸಾಲದು, ಇದ್ದಿಲು ಸರಿ ಇಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ.

ಮೊದಲು ಕಲ್ಲಿನ ವಿಷಯ.

ನಮ್ಮ ತೋಟ ಇರುವುದು ಸಂತವೇರಿ ಕಡೆ, ಬಾಬಾಬುಡನ್‌ಗಿರಿ ಸಾಲಿನ ಬುಡದಲ್ಲಿ. ಈ ಬೆಟ್ಟಗಳ ಮೈತುಂಬ ಕಬ್ಬಿಣ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. 1923ರಲ್ಲಿ ಅಲ್ಲಿನ ಊದುಕುಲುಮೆ ಶುರುವಾದಾಗ ಅದಕ್ಕೆ ಹಾಕುತ್ತಿದ್ದುದು ಕೂಡ ಕಲ್ಲಿದ್ದಲಲ್ಲ, ಮಲೆನಾಡಿನ ಮರದ ಇದ್ದಿಲು. ಅಂದರೆ ನಾನು ಮಾಡಿದ್ದು ಹೊಸದೇನಲ್ಲ. ಸಣ್ಣ ಮಟ್ಟದಲ್ಲಿ, ಇನ್ನೂ ಹಳೆಯ ಕ್ರಮದಲ್ಲಿ ಮಾಡಿದೆ, ಅಷ್ಟೆ.

ನೀರಿನ ಹೊಂಡ ತೋಡಿಸುವಾಗ ಜೆಸಿಬಿ ಬಕೆಟ್‌ನಲ್ಲಿ ಬಂದ ಕೆಲವು ಕಲ್ಲು ಗಾತ್ರಕ್ಕೆ ತಕ್ಕಂತೆ ಇರಲಿಲ್ಲ, ಎತ್ತಿದರೆ ಭಾರ ಜಾಸ್ತಿ. ಅವನ್ನೇ ಒಂದು ಕಡೆ ರಾಶಿ ಹಾಕಿಸಿದ್ದೆ. ಒಂದು ಮಾತು: ಬೆಟ್ಟದಿಂದ, ಕಾಡಿನಿಂದ ಕಲ್ಲು ಹೊತ್ತು ತರಲು ಹೋಗಬೇಡಿ, ಅದು ಬೇರೆಯೇ ತಾಪತ್ರಯ. ನಿಮ್ಮದೇ ಜಾಗದಲ್ಲಿ ಎದ್ದದ್ದು ಸಾಕು.

ಯಾವ ಜಾತಿಯ ಕಬ್ಬಿಣದ ಅದಿರು ಅಂತ ತಿಳಿಯಲು ಲ್ಯಾಬ್ ಬೇಡ. ಬಚ್ಚಲಿಗೆ ಹಾಕಿ ಮಿಕ್ಕ ಟೈಲ್ಸ್ ಇದ್ದರೆ ಅದರ ಹಿಂಭಾಗದ ಒರಟು ಬಿಳಿ ಮೈ ಮೇಲೆ ಕಲ್ಲನ್ನು ಉಜ್ಜಿ. ಗೆರೆ ಹಳದಿ-ಕಂದು ಬಂದರೆ ಲಿಮೊನೈಟ್ ಜಾತಿ, ಇದರೊಳಗೆ ನೀರು ಸೇರಿಕೊಂಡಿದೆ. ಕೆಂಪು ಬಂದರೆ ಹೆಮಟೈಟ್. ಕಪ್ಪು ಬಂದು, ಮ್ಯಾಗ್ನೆಟ್ಟಿಗೂ ಅಂಟಿದರೆ ಮ್ಯಾಗ್ನಟೈಟ್, ಕುದುರೆಮುಖದಲ್ಲಿ ತೆಗೆಯುತ್ತಿದ್ದರಲ್ಲ, ಆ ಜಾತಿ. ಹೊರಗಿನ ಬಣ್ಣ ನೋಡಿ ಮೋಸ ಹೋಗಬೇಡಿ, ಗೆರೆ ಸುಳ್ಳು ಹೇಳುವುದಿಲ್ಲ. ನನ್ನ ರಾಶಿಯಲ್ಲಿ ಮುಕ್ಕಾಲು ಪಾಲು ಹಳದಿ-ಕಂದು ಗೆರೆ, ಉಳಿದದ್ದು ಕೆಂಪು. ಕೆಲವು ಕಲ್ಲಿನಲ್ಲಿ ಬೆಣಚುಕಲ್ಲಿನ ಬಿಳಿ ಪಟ್ಟೆ ಪದರ ಪದರವಾಗಿ ಕೂತಿತ್ತು. ಈ ಬೆಟ್ಟದ ಕಬ್ಬಿಣದ ಕಲ್ಲಿಗೆ ಅದು ಸಹಜ. ಆ ಬಿಳಿ ಪಟ್ಟೆಯೇ ನಮ್ಮ ನಿಜವಾದ ಶತ್ರು, ಯಾಕೆ ಅಂತ ಮುಂದೆ ಬರುತ್ತದೆ.

ಈಗ ಸುಡುವುದು ಯಾಕೆ ಅಂತ ನೋಡೋಣ. ಬೆಂಕಿ ಅಂದರೆ ಕರಗಿಸುವುದು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅದಿರಿಗೆ ಕೊಡುವ ಮೊದಲ ಬೆಂಕಿಯಲ್ಲಿ ಏನೂ ಕರಗುವುದಿಲ್ಲ, ಕರಗಲೂಬಾರದು. ಲಿಮೊನೈಟಿನಲ್ಲಿ ಕಬ್ಬಿಣ, ಆಮ್ಲಜನಕದ ಜೊತೆ ನೀರೂ ಕಟ್ಟಿಕೊಂಡು ಕೂತಿರುತ್ತದೆ. ಸುಮಾರು 300 ಡಿಗ್ರಿ ಆಸುಪಾಸಿನಲ್ಲಿ ಆ ನೀರು ಆವಿಯಾಗಿ ಹೊರಡುತ್ತದೆ. ಶುದ್ಧ ಖನಿಜವಾದರೆ ತೂಕದ ಹತ್ತನೇ ಒಂದು ಪಾಲು ಹೀಗೇ ಹೋಗುತ್ತದೆ. ನೀರು ಹೋದ ಜಾಗದಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಿರುಕು, ತೂತು ಉಳಿಯುತ್ತವೆ. ಹಸಿ ಕಾಫಿ ಬೀಜವನ್ನು ಬೆರಳಲ್ಲಿ ಒತ್ತಿ ಒಡೆಯಲು ಆಗುವುದಿಲ್ಲ, ಅದೇ ಬೀಜ ಹುರಿದ ಮೇಲೆ ಎರಡು ಬೆರಳ ನಡುವೆ ಪುಡಿಯಾಗುತ್ತದೆ ಅಲ್ವಾ? ಕಲ್ಲಿಗೂ ಆಗುವುದು ಅದೇ. ಗಟ್ಟಿ ಕಲ್ಲು ಸುಲಭವಾಗಿ ಒಡೆಯುವಂತಾಗುತ್ತದೆ, ಒಳಗೆ ಗಾಳಿ ಆಡಲು ದಾರಿಯಾಗುತ್ತದೆ. ಈ ದಾರಿ ಯಾಕೆ ಮುಖ್ಯ ಅಂದರೆ ಕುಲುಮೆಯೊಳಗೆ ಕೆಲಸ ಮಾಡುವುದು ಇದ್ದಿಲಲ್ಲ, ಇದ್ದಿಲಿನಿಂದ ಹುಟ್ಟುವ ಅನಿಲ. ಅದು ಅದಿರಿನ ಒಳಗೆ ನುಗ್ಗಿದರೆ ಮಾತ್ರ ಕಬ್ಬಿಣ ಬಿಡುಗಡೆ ಆಗುತ್ತದೆ.

ಮ್ಯಾಗ್ನಟೈಟ್ ಇದ್ದವರಿಗೆ ಇನ್ನೊಂದು ಲಾಭ. ಅದರಲ್ಲಿ ನೀರಿಲ್ಲ, ಕಲ್ಲು ದಟ್ಟ, ಅನಿಲ ಒಳಗೆ ಹೋಗುವುದು ಕಷ್ಟ. ಗಾಳಿ ಧಾರಾಳ ಇರುವ ಬೆಂಕಿಯಲ್ಲಿ ಸುಟ್ಟರೆ ಅದು ಇನ್ನಷ್ಟು ಆಮ್ಲಜನಕ ಹೀರಿ ಹೆಮಟೈಟ್ ಆಗುತ್ತದೆ. ತೆಗೆಯಬೇಕಾದ ಆಮ್ಲಜನಕವನ್ನು ಇನ್ನೂ ಸೇರಿಸುವುದು ಹುಚ್ಚು ಕೆಲಸ ಅನ್ನಿಸಬಹುದು. ಆದರೆ ಹಾಗೆ ಮಾರ್ಪಟ್ಟ ಕಲ್ಲು ಮುಂದೆ ಕುಲುಮೆಯಲ್ಲಿ ಆಮ್ಲಜನಕವನ್ನು ಬೇಗ ಬಿಟ್ಟುಕೊಡುತ್ತದೆ. ಕುದುರೆಮುಖದ ಅದಿರನ್ನು ನುಣ್ಣಗೆ ಅರೆದು, ಮ್ಯಾಗ್ನೆಟ್ಟಿನಲ್ಲಿ ಬೇರ್ಪಡಿಸಿ, ಸುಮಾರು 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ನೀರಿನ ಜೊತೆ ಮಂಗಳೂರಿಗೆ ಕಳಿಸುತ್ತಿದ್ದರು. ಅಲ್ಲಿ ಆ ಪುಡಿಯನ್ನು ಉಂಡೆ ಕಟ್ಟಿ ಸುಡುತ್ತಿದ್ದರು. ಅಂಥ ಉಂಡೆ ಗಟ್ಟಿಯಾಗಲು 1300 ಡಿಗ್ರಿ ಹತ್ತಿರ ಶಾಖ ಬೇಕು. ಮ್ಯಾಗ್ನಟೈಟ್ ಹೆಮಟೈಟ್ ಆಗುವಾಗ ಅದೇ ಒಂದಿಷ್ಟು ಶಾಖ ಕೊಡುವುದರಿಂದ ಇಂಧನವೂ ಉಳಿಯುತ್ತದೆ. ಗಣಿಗಾರಿಕೆ 2005ರ ಕೊನೆಗೆ ನಿಂತಿತು. ನಮ್ಮ ಕಡೆ ಹುಡುಗರು ಎಷ್ಟೋ ಜನ ಅಲ್ಲಿ ಕೆಲಸಕ್ಕಿದ್ದರು, ಆದರೆ ಆ ಪುಡಿಯನ್ನು ಸುಡುವುದು ಯಾಕೆ ಅಂತ ಕೇಳಿದರೆ ಒಬ್ಬರೂ ಹೇಳಲಿಲ್ಲ. ಅದು ಬಿಡಿ.

ಸುಡುವ ಮೂರನೇ ಕಾರಣ ಗಂಧಕ. ಅದಿರಿನಲ್ಲಿ ಗಂಧಕ ಸೇರಿದ್ದರೆ ಸುಡುವಾಗ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಅನಿಲವಾಗಿ ಹೊರಡುತ್ತದೆ. ಉಳಿದರೆ ಕಬ್ಬಿಣ ಕೆಂಪಗೆ ಕಾದಾಗಲೇ ಸುತ್ತಿಗೆ ಏಟಿಗೆ ಬಿರಿಯುತ್ತದೆ. ಕಬ್ಬಿಣಕ್ಕಿಂತ ತಾಮ್ರ, ಸತು, ಸೀಸಕ್ಕೆ ಇದು ದೊಡ್ಡ ವಿಷಯ, ಯಾಕಂದರೆ ಅವುಗಳ ಅದಿರು ಹೆಚ್ಚಾಗಿ ಗಂಧಕದ ಜೊತೆಗೇ ಸಿಗುತ್ತದೆ. ಹಾಸನ ಜಿಲ್ಲೆಯಲ್ಲಿ, ಅರಸೀಕೆರೆ ಹತ್ತಿರದ ಕಲ್ಯಾಡಿಯಲ್ಲಿ ತಾಮ್ರದ ಅದಿರಿದೆ. ಅಂಥದ್ದನ್ನು ದಯವಿಟ್ಟು ಮನೆ ಹಿತ್ತಲಲ್ಲಿ ಸುಡಬೇಡಿ. ಏಳುವ ಹೊಗೆ ಎದೆ ಹಿಡಿಯುತ್ತದೆ, ಅಕ್ಕಪಕ್ಕದ ಗಿಡವೂ ಒಣಗುತ್ತದೆ. ನನ್ನ ಕಲ್ಲಿನಲ್ಲಿ ಒಂದೆರಡು ಕಡೆ ಕಡ್ಡಿ ಗೀರಿದಾಗ ಬರುವ ವಾಸನೆ ಸಣ್ಣಗೆ ಬಂತು, ಅಷ್ಟೇ.

ಇನ್ನು ಗುಡ್ಡೆ ಕಟ್ಟಿದ್ದು. ಕಾಫಿ ಕೊಯ್ಲು ಮುಗಿದು ಹೂಮಳೆ ಬರುವ ಮುಂಚಿನ ಒಣ ಸಮಯ. ಕೆಲಸಕ್ಕೆ ಒಳ್ಳೆಯದು, ಬೆಂಕಿಯ ಭಯಕ್ಕೆ ಕೆಟ್ಟದ್ದು. ಒಣಗಿಸುವ ಕಣದ ಮೂಲೆಯಲ್ಲಿ, ಸುತ್ತ ತರಗೆಲೆ ಗುಡಿಸಿ, ಎರಡು ಡ್ರಮ್ ನೀರು ಇಟ್ಟುಕೊಂಡೆ. ಸಿಮೆಂಟ್ ನೆಲದ ಮೇಲೆ ನೇರ ಬೆಂಕಿ ಹಾಕಬಾರದು, ಸಿಮೆಂಟ್ ಸಿಡಿಯುತ್ತದೆ. ಹಾಗಾಗಿ ಅರ್ಧ ಅಡಿ ಮಣ್ಣು ಹಾಸಿದೆ. ಅದರ ಮೇಲೆ ಸಿಲ್ವರ್ ಓಕ್ ಕೊಂಬೆ ಅಡ್ಡಡ್ಡ ಉದ್ದುದ್ದ ಜೋಡಿಸಿ, ಮುಷ್ಟಿ ಗಾತ್ರದ ಅದಿರು ಒಂದು ಪದರ, ಮತ್ತೆ ಸೌದೆ, ಮತ್ತೆ ಅದಿರು. ಸೌದೆಯ ನಡುವೆ ಸಂದು ಬಿಡಬೇಕು, ಗಾಳಿ ಆಡಲಿ. ಮೇಲೆ ಒಂದಿಷ್ಟು ಕಾಫಿ ಹೊಟ್ಟು ಸುರಿದೆ, ನಿಧಾನ ಉರಿಯಲಿ ಅಂತ. ಹೊಗೆ ಎಬ್ಬಿಸಿದ್ದು ಬಿಟ್ಟರೆ ಅದರಿಂದ ಏನೂ ಉಪಯೋಗ ಕಾಣಲಿಲ್ಲ, ನೀವು ಹಾಕಬೇಡಿ.

ಸಂಜೆ ಹಚ್ಚಿದ್ದು, ಬೆಳಗ್ಗೆವರೆಗೂ ಕೆಂಡ ಇತ್ತು. ಮೊದಲ ಅರ್ಧ ಗಂಟೆ ಸ್ವಲ್ಪ ದೂರ ನಿಲ್ಲಿ. ನೀರು ತುಂಬಿಕೊಂಡ ಕಲ್ಲು ಚಟಪಟ ಸಿಡಿಯುತ್ತದೆ, ಚೂರು ಹತ್ತಡಿ ಹಾರುತ್ತದೆ. ಕನ್ನಡಕ ಹಾಕಿಕೊಂಡೇ ಇರಿ. ಇದೇ ಸಿಡಿತ ಕುಲುಮೆಯ ಒಳಗೆ ಆದರೆ ಏನು ಗತಿ ಯೋಚಿಸಿ: ಪುಡಿ ಉದುರಿ ಇದ್ದಿಲಿನ ಸಂದೆಲ್ಲ ಕಟ್ಟಿ ಗಾಳಿ ಮೇಲೇಳುವುದೇ ನಿಂತುಬಿಡುತ್ತದೆ. ಹಸಿ ಕಲ್ಲು ಕುಲುಮೆಗೆ ಹಾಕಿದರೂ ಅಲ್ಲಿ ನೀರು ಹೋಗೇ ಹೋಗುತ್ತದಲ್ಲ ಅಂತ ಕೆಲವರು ವಾದಿಸುತ್ತಾರೆ. ಹೋಗುತ್ತದೆ, ನಿಜ. ಆದರೆ ಅಲ್ಲಿ ಅದನ್ನು ಓಡಿಸಲು ಕಷ್ಟಪಟ್ಟು ಮಾಡಿದ ಇದ್ದಿಲು ಖರ್ಚಾಗುತ್ತದೆ. ಇಲ್ಲಿ ಸುಮ್ನೆ ಬಿದ್ದಿದ್ದ ಕೊಂಬೆ ಸಾಕು.

24 ಕಿಲೋ ಹಾಕಿದ್ದು, ಆರಿದ ಮೇಲೆ ತೂಗಿದರೆ 22ಕ್ಕೆ ಸ್ವಲ್ಪ ಕಡಿಮೆ. ನೀರು ಚೆಲ್ಲಿ ಆರಿಸಬೇಡಿ, ತಾನಾಗಿ ಆರಲಿ.

ಬಣ್ಣ ಬದಲಾದದ್ದು ನೋಡಬೇಕಿತ್ತು. ಹಳದಿ-ಕಂದು ಕಲ್ಲೆಲ್ಲ ಹಂಚಿನ ಕೆಂಪು. ಆದರೆ ಗುಡ್ಡೆಯ ನಡುವೆ, ಕೆಂಡದಲ್ಲಿ ಹೂತು ಗಾಳಿ ಸಿಗದೆ ಬೆಂದವು ಕಪ್ಪಗಿದ್ದವು. ಒಂದು ಕೆಂಪು ಕಲ್ಲನ್ನು ಅಂಗೈ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಕುಟ್ಟಿದೆ. ಹಿಂದಿನ ದಿನ ಎರಡು ಕಿಲೋ ಸುತ್ತಿಗೆಯಲ್ಲಿ ಹೊಡೆದರೆ ಕಿಡಿ ಹಾರಿಸಿ ಪುಟಿಯುತ್ತಿದ್ದ ಜಾತಿ ಅದು, ಈಗ ಸಪ್ಪಳವೇ ಬೇರೆ, ಟಣ್ ಅನ್ನದೆ ಟಪ್ ಅಂದು ನಾಲ್ಕು ಹೋಳಾಯಿತು. ಒಡೆದ ಮುಖದಲ್ಲಿ ಕೂದಲೆಳೆಯಂಥ ಬಿರುಕು ಅಡ್ಡಾದಿಡ್ಡಿ ಓಡಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ನಾಲಿಗೆ ತುದಿಗೆ ತಾಗಿಸಿದರೆ ಅಂಟಿಕೊಂಡಿತು. ಒಳಗೆ ತೂತು ಬಿದ್ದಿದೆ ಅನ್ನುವುದಕ್ಕೆ ಅದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಈಗ ಮ್ಯಾಗ್ನೆಟ್. ಹಳೇ ಸ್ಪೀಕರ್ ಒಡೆದು ತೆಗೆದದ್ದು. ಸುಡುವ ಮೊದಲು ನನ್ನ ಕಲ್ಲು ಯಾವುದೂ ಅದಕ್ಕೆ ಕ್ಯಾರೇ ಅನ್ನುತ್ತಿರಲಿಲ್ಲ. ಈಗ ಕಪ್ಪಾದ ತುಂಡುಗಳು ಪಟ್ಟನೆ ಹಾರಿ ಅಂಟುತ್ತವೆ, ಕೆಂಪು ತುಂಡುಗಳಲ್ಲಿ ಕೆಲವಕ್ಕೆ ಸ್ವಲ್ಪ ಸೆಳೆತ. ಗಾಳಿ ಕಡಿಮೆ ಇದ್ದ ಕಡೆ ಕೆಂಡದ ಅನಿಲ ಹೆಮಟೈಟಿನಿಂದ ಒಂದಿಷ್ಟು ಆಮ್ಲಜನಕ ಕಿತ್ತು ಅದನ್ನು ಮ್ಯಾಗ್ನಟೈಟ್ ಮಾಡಿದೆ ಅಂತ ಅರ್ಥ. ಅಂದರೆ ಕುಲುಮೆಯ ಮೊದಲ ಮೆಟ್ಟಿಲು ಈ ಸೌದೆ ಗುಡ್ಡೆಯೊಳಗೇ ಹತ್ತಿ ಆಗಿತ್ತು.

ಕುಟ್ಟಿ ಅವರೆಕಾಳಿನಿಂದ ಅಡಕೆ ಗಾತ್ರದವರೆಗೆ ಮಾಡಿಕೊಂಡೆ. ಪುಡಿಯನ್ನು ಜರಡಿ ಹಿಡಿದು ತೆಗೆದೆ. ಆಮೇಲೆ ಮನೆಯವರೆಲ್ಲ ಕೂತು ಬೆಣಚುಕಲ್ಲು ಆರಿಸಿದೆವು, ಅಕ್ಕಿ ಆರಿಸಿದ ಹಾಗೇ, ಮೊರದಲ್ಲಿ. ಸುಟ್ಟ ಮೇಲೆ ಬಿಳಿ ಪಟ್ಟೆ ಅದಿರಿನಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ, ಯಾಕಂದರೆ ಎರಡೂ ಹಿಗ್ಗುವ ಅಳತೆ ಬೇರೆ. ಸುಡದೆ ಈ ಆರಿಸುವ ಕೆಲಸ ಸಾಧ್ಯವೇ ಇರಲಿಲ್ಲ.

ಬೆಣಚುಕಲ್ಲಿನ ಮೇಲೆ ಇಷ್ಟು ದ್ವೇಷ ಯಾಕೆ ಅಂದರೆ ಲೆಕ್ಕ ಕೇಳಿ. ಇಂಥ ಸಣ್ಣ ಕುಲುಮೆಯಲ್ಲಿ ಕಬ್ಬಿಣ ಕರಗುವುದಿಲ್ಲ. ಅದಕ್ಕೆ 1538 ಡಿಗ್ರಿ ಬೇಕು, ನಮಗೆ ಸಿಗುವುದು 1200-1300. ಕರಗುವುದು ಕಿಟ್ಟ, ಅಂದರೆ ಅದಿರಿನ ಕಲ್ಮಷ ಮಾತ್ರ. ಬೆಣಚುಕಲ್ಲಿನ ಸಿಲಿಕಾ ಒಂದೇ ಇದ್ದರೆ ಅದೂ ಕರಗುವುದಿಲ್ಲ, ಅದು ಅರ್ಧ ಬಿಡುಗಡೆಯಾದ ಕಬ್ಬಿಣದ ಆಕ್ಸೈಡನ್ನು ಹಿಡಿದುಕೊಂಡು ಕಿಟ್ಟವಾಗಿ ಸುಮಾರು 1200 ಡಿಗ್ರಿಯಲ್ಲಿ ಹರಿಯುತ್ತದೆ. ಹಾಗೆ ಹಿಡಿದುಕೊಳ್ಳುವ ಪ್ರಮಾಣ ಎಷ್ಟು ಗೊತ್ತಾ? ಒಂದು ಕಿಲೋ ಸಿಲಿಕಾ ತನ್ನ ಜೊತೆ ಹತ್ತಿರ ಹತ್ತಿರ 1.9 ಕಿಲೋ ಕಬ್ಬಿಣವನ್ನು ಎಳೆದುಕೊಂಡು ಹೋಗುತ್ತದೆ. ಮೊರದಿಂದ ತೆಗೆದು ಬಿಸಾಡಿದ ಒಂದೊಂದು ಹಿಡಿ ಬಿಳಿ ಕಲ್ಲಿಗೆ ಸುಮಾರು ಎರಡು ಹಿಡಿ ತೂಕದ ಕಬ್ಬಿಣ ಉಳಿತಾಯ. ಸ್ವಲ್ಪ ಕಿಟ್ಟ ಬೇಕೇ ಬೇಕು, ಅದು ಕಬ್ಬಿಣದ ಕಣಗಳನ್ನು ಗಾಳಿಯಿಂದ ಕಾಪಾಡುತ್ತದೆ. ಅದಕ್ಕೆ ಕಲ್ಲಿನಲ್ಲಿ ಉಳಿದ ಸಿಲಿಕಾ, ಕುಲುಮೆ ಗೋಡೆಯಿಂದ ಕರಗಿ ಇಳಿಯುವ ಮಣ್ಣು ಧಾರಾಳ ಸಾಕು. ದೊಡ್ಡ ಊದುಕುಲುಮೆಗಳಲ್ಲಿ ಸುಣ್ಣದ ಕಲ್ಲು ಹಾಕುತ್ತಾರೆ. ಸಿಲಿಕಾ ಸುಣ್ಣವನ್ನು ಹಿಡಿದುಕೊಂಡು ಕಬ್ಬಿಣವನ್ನು ಬಿಟ್ಟುಬಿಡುತ್ತದೆ, ಆದರೆ ಅಂಥ ಕಿಟ್ಟ ಹರಿಯಲು ಇನ್ನೂ ಜಾಸ್ತಿ ಶಾಖ ಬೇಕು.

ಆರಿಸಿ, ಜರಡಿ ಹಿಡಿದು ಉಳಿದದ್ದು 15 ಕಿಲೋ.

ಕುಲುಮೆ ಕಟ್ಟುವುದನ್ನು ಚುಟುಕಾಗಿ ಹೇಳುತ್ತೇನೆ. ಹುತ್ತದ ಮಣ್ಣು ಎರಡು ಪಾಲು, ಹಳ್ಳದ ಮರಳು ಒಂದು ಪಾಲು, ಕತ್ತರಿಸಿದ ಭತ್ತದ ಹುಲ್ಲು ಕೈಗೆ ಬಂದಷ್ಟು. ಕಾಲಲ್ಲಿ ತುಳಿದು ಒಂದು ರಾತ್ರಿ ಗೋಣಿಚೀಲ ಮುಚ್ಚಿ ಬಿಟ್ಟೆ. ಒಳಗಿನ ಅಗಲ 28 ಸೆಂಟಿಮೀಟರ್, ಎತ್ತರ ಒಂದು ಮೀಟರಿಗೆ ಸ್ವಲ್ಪ ಜಾಸ್ತಿ, ಗೋಡೆ ದಪ್ಪ ಒಂದು ಗೇಣಿಗೆ ಕಡಿಮೆ. ನಡುವೆ ಬಿದಿರಿನ ತಟ್ಟಿ ಸುತ್ತಿ ನಿಲ್ಲಿಸಿ ಅದರ ಸುತ್ತ ಮಣ್ಣು ಮೆತ್ತಿದರೆ ನೆಟ್ಟಗೆ ಏಳುತ್ತದೆ, ತಟ್ಟಿ ಆಮೇಲೆ ಉರಿದು ಹೋಗುತ್ತದೆ. ಬುಡದಲ್ಲಿ ಒಂದು ಬಾಗಿಲು: ಕಿಟ್ಟ ಬಿಡಲು, ಕೊನೆಗೆ ಒಳಗೆ ಕೂಡಿದ ಕಬ್ಬಿಣದ ಮುದ್ದೆ ಎಳೆಯಲು. ನೆಲದಿಂದ 22 ಸೆಂಟಿಮೀಟರ್ ಮೇಲೆ ಗಾಳಿಯ ಕೊಳವೆ, ಸ್ವಲ್ಪ ಕೆಳಮುಖವಾಗಿ. ಕೊಳವೆಯನ್ನೂ ಅದೇ ಮಣ್ಣಿನಲ್ಲಿ, ದೊಣ್ಣೆಗೆ ಮೆತ್ತಿ ಒಣಗಿಸಿ ಮಾಡಿದ್ದು. ಜಿಐ ಪೈಪ್ ನೇರ ಒಳಗೆ ತೂರಿಸಿದರೆ ಅದೇ ಕರಗಿ ನಿಮ್ಮ ಕಬ್ಬಿಣಕ್ಕೆ ಸೇರುತ್ತದೆ, ಆಮೇಲೆ ಲೆಕ್ಕವೆಲ್ಲ ಸುಳ್ಳು.

ಒಣಗುವಾಗ ಬಾಗಿಲ ಕಮಾನಿನಿಂದ ಮೇಲಕ್ಕೆ ಒಂದು ಬಿರುಕು ಓಡಿತು. ಅದು ಎಲ್ಲರ ಕುಲುಮೆಯಲ್ಲೂ ಬರುವಂಥದ್ದೇ. ಬಿರುಕನ್ನು ಚಾಕುವಿನಿಂದ ಅಗಲ ಮಾಡಿ, ನೀರು ಹಚ್ಚಿ, ಹುಲ್ಲು ಜಾಸ್ತಿ ಕಲಸಿದ ಮಣ್ಣನ್ನು ಒತ್ತಿ ತುಂಬಿ, ಹೊರಗಿನಿಂದ ಬೇಲಿ ತಂತಿ ಮೂರು ಸುತ್ತು ಬಿಗಿದೆ. ಬರೀ ಮೇಲೆ ಸಾರಿಸಿದರೆ ನಿಲ್ಲುವುದಿಲ್ಲ.

ಗಾಳಿಗೆ ಕಮ್ಮಾರಸಾಲೆಯ ಎಲೆಕ್ಟ್ರಿಕ್ ಬ್ಲೋಯರ್, ಬಾಯಿಗೆ ಅತ್ತಿತ್ತ ಸರಿಯುವ ತಗಡು. ಈ ಅಗಲದ ಕುಲುಮೆಗೆ ನಿಮಿಷಕ್ಕೆ 600ರಿಂದ 900 ಲೀಟರ್ ಗಾಳಿ ಬೇಕು. ಅಳೆಯಲು ಮೀಟರ್ ಬೇಡ, ಎರಡು ಕಿಲೋ ಇದ್ದಿಲು ಎಂಟು-ಹತ್ತು ನಿಮಿಷದಲ್ಲಿ ಇಳಿದರೆ ಸರಿ ಇದೆ ಅಂತ ಅರ್ಥ.

ಬ್ಲೋಯರ್ ಕೊಟ್ಟವರು ನಮ್ಮೂರ ಕಮ್ಮಾರರು, ಆಚಾರ್ರು. ಕೊಡುವಾಗಲೇ ಶುರು ಮಾಡಿದರು. "ಎಂತ ಮಾರಾಯ, ಅಂಗಡೀಲಿ ಕಬ್ಬಿಣ ಸಿಗಲ್ವಾ? ಕಲ್ಲು ಬೇಯಿಸ್ತಾ ಕೂತಿದೀಯಲ್ಲ."

"ಸಿಗುತ್ತೆ ಆಚಾರ್ರೇ, ಅದು ಎಲ್ಲಿಂದ ಬರುತ್ತೆ ಅಂತ ನೋಡೋಣ ಅಂತ."

"ನೋಡಿ ಆದ್ಮೇಲೆ ಬಡಿಯಕ್ಕೆ ನಂಗೇ ಹೇಳ್ತೀಯ, ಗೊತ್ತು ಬಿಡು." ಅಂದರು. ಕೊನೆಗೆ ಆದದ್ದೂ ಅದೇ.

ಎರಡನೇ ಬೆಂಕಿಯ ದಿನ. ಮೊದಲು ಸೌದೆಯಿಂದ ಒಂದೂವರೆ ಗಂಟೆ ಕುಲುಮೆಯನ್ನು ಕಾಯಿಸಿದ್ದು, ಗೋಡೆಯ ತೇವ ಪೂರ್ತಿ ಹೋಗಬೇಕು. ಆಮೇಲೆ ಬಾಯಿಯವರೆಗೆ ಇದ್ದಿಲು ತುಂಬಿ ಗಾಳಿ ಬಿಟ್ಟೆವು. ಇದ್ದಿಲು ಎರಡು ಬೆರಳ ಗಾತ್ರಕ್ಕೆ ಒಡೆದು, ಪುಡಿ ತೆಗೆದಿರಬೇಕು. ಸಿಲ್ವರ್ ಓಕ್ ಇದ್ದಿಲು ಹಗುರ, ಭಾರಕ್ಕೆ ನುಚ್ಚಾಗುತ್ತದೆ. ಕಾಫಿ ಗಿಡದ್ದು ಗಟ್ಟಿ, ನಿಧಾನ. ನನಗೆ ಕಾಫಿಯದ್ದೇ ಹಿಡಿಸಿತು.

ಇಲ್ಲಿ ನಡೆಯುವುದು ಮೊದಲ ಬೆಂಕಿಯ ಉಲ್ಟಾ. ಅಲ್ಲಿ ಗಾಳಿ ಧಾರಾಳ ಬೇಕಿತ್ತು, ಇಲ್ಲಿ ಅದಿರಿಗೆ ಗಾಳಿ ಸಿಗಲೇಬಾರದು. ಕೊಳವೆಯ ಬಾಯಲ್ಲಿ ಇದ್ದಿಲು ಉರಿದು ಮೊದಲು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅದು ಮೇಲೇರುತ್ತಾ ಇನ್ನಷ್ಟು ಕೆಂಡ ದಾಟುವಾಗ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಈ ಮೊನಾಕ್ಸೈಡೇ ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುವುದು. ಕೆಂಪು ಹೆಮಟೈಟ್ ಮೊದಲು ಮ್ಯಾಗ್ನಟೈಟ್, ಆಮೇಲೆ ಇನ್ನೂ ಕಡಿಮೆ ಆಮ್ಲಜನಕದ ಆಕ್ಸೈಡ್, ಕೊನೆಗೆ ಕಬ್ಬಿಣ. ಕುಲುಮೆಯ ಮೇಲಿನಿಂದ ಕೆಳಕ್ಕೆ ಇಳಿಯುವಷ್ಟರಲ್ಲಿ ಈ ಮೂರೂ ಆಗಬೇಕು, 700ರಿಂದ 900 ಡಿಗ್ರಿಯ ಭಾಗದಲ್ಲೇ ಹೆಚ್ಚಿನದು ಮುಗಿಯಬೇಕು. ಬರೀ ಕಾಯಿಸಿದರೆ ಲೋಹ ಬಿಡುವ ಅದಿರೂ ಇದೆ, ಪಾದರಸದ್ದು. ಅದರ ಕೆಂಪು ಅದಿರನ್ನು ಗಾಳಿಯಲ್ಲಿ ಕಾಯಿಸಿದರೆ ಸಾಕು, ಪಾದರಸ ಆವಿಯಾಗಿ ಬರುತ್ತದೆ. ಕಬ್ಬಿಣ ಹಾಗಲ್ಲ, ಕಿತ್ತುಕೊಳ್ಳಲು ಇನ್ನೊಬ್ಬರು ಬೇಕು. ಕ್ರೋಮಿಯಂ ಇನ್ನೂ ಹಠಮಾರಿ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸೀಮೆಯ ಬೈರಾಪುರದಲ್ಲಿ ಕ್ರೋಮೈಟ್ ಗಣಿ ಇದೆ. ಆ ಕಡೆಯ ಸ್ನೇಹಿತರೊಬ್ಬರು ಇದನ್ನೂ ಹಾಕಿ ನೋಡಿ ಅಂತ ಒಂದು ತುಂಡು ತಂದರು. ಈ ಮಣ್ಣಿನ ಕುಲುಮೆಯಲ್ಲಿ ಅದರಿಂದ ಲೋಹ ಬರುವ ಮಾತೇ ಇಲ್ಲ, ಅದಕ್ಕೆ ವಿದ್ಯುತ್ ಕುಲುಮೆಯೇ ಬೇಕು. ಶೋಕೇಸಿನಲ್ಲಿಟ್ಟೆ.

ಮೊನಾಕ್ಸೈಡ್ ವಿಷ, ವಾಸನೆ ಇಲ್ಲ. ಶೆಡ್ ಒಳಗೆ, ಗೋಡೆ ಮೂಲೆಯಲ್ಲಿ ಈ ಕೆಲಸ ಮಾಡಲೇಬೇಡಿ. ಬಾಯಲ್ಲಿ ಬರುವ ಅನಿಲಕ್ಕೆ ಬೆಂಕಿ ಹತ್ತಿಸಿ ಉರಿಯುತ್ತಲೇ ಇರಲಿ. ಆ ಜ್ವಾಲೆ ನೀಲಿ ಅಂಚಿನದಾಗಿ ಒಂದೇ ಸಮ ಇದ್ದರೆ ಒಳಗೆ ಎಲ್ಲ ಸರಿ ಇದೆ.

ಮೊದಲು ಅರ್ಧ ಕಿಲೋ ಅದಿರಿಗೆ ಎರಡು ಕಿಲೋ ಇದ್ದಿಲು. ಜ್ವಾಲೆ ತಣ್ಣಗಾಗಲಿಲ್ಲ ಅಂತ ನೋಡಿಕೊಂಡು ಅದಿರನ್ನು ಒಂದು ಕಿಲೋಗೆ, ಆಮೇಲೆ ಒಂದೂವರೆಗೆ ಏರಿಸಿದೆವು. ಸುಟ್ಟ ಅದಿರು ಆದ್ದರಿಂದ ಹಾಕಿದಾಗ ಸಿಡಿತ ಇಲ್ಲ, ಬಾಯಲ್ಲಿ ಹಬೆ ಇಲ್ಲ, ಮಧ್ಯೆ ಎಲ್ಲೂ ಗಾಳಿ ಕಟ್ಟಲಿಲ್ಲ. ಎರಡು ಗಂಟೆ ಹೊತ್ತಿಗೆ ಕೊಳವೆಯಿಂದ ಗುಳುಗುಳು ಸದ್ದು. ಕಿಟ್ಟ ಕೊಳವೆಯ ಬಾಯಿವರೆಗೆ ಏರಿದೆ ಅಂತ ಲೆಕ್ಕ. ವೆಲ್ಡಿಂಗ್ ಗಾಜು ಹಿಡಿದು ಕೊಳವೆಯಲ್ಲಿ ಇಣುಕಿದರೆ ತುದಿಯಲ್ಲಿ ಕಿಟ್ಟ ಜೋತಾಡುತ್ತಿತ್ತು. ಕಂಬಿ ತೂರಿಸಿ ಬಿಡಿಸಿದೆ. ಆಮೇಲೆ ಬಾಗಿಲ ಬುಡದಲ್ಲಿ ಕಂಬಿಯಿಂದ ತೂತು ಹೊಡೆದಾಗ ಕಿತ್ತಳೆ ಬಣ್ಣದ ಕಿಟ್ಟ ಬೆರಳಗಾತ್ರದಲ್ಲಿ ಹರಿದು ಬಂತು. ಅದು ಹರಿಯುವ ಜಾಗ ಒಣ ಮರಳಾಗಿರಬೇಕು, ನೀರಿದ್ದರೆ ಸಿಡಿದು ಮೈ ಸುಡುತ್ತದೆ. ಆರಿದ ಮೇಲೆ ಕಪ್ಪು, ಮೇಲ್ಮೈ ಮಡಿಕೆ ಮಡಿಕೆ. ನಮ್ಮ ಗದ್ದೆ ಅಂಚಿನಲ್ಲಿ ಉಳುವಾಗ ಸಿಗುವ ಹಳೇ ಕಿಟ್ಟದ ತುಂಡಿನ ಪಕ್ಕ ಇಟ್ಟರೆ ಯಾವುದು ಯಾವುದು ಅಂತ ಹೇಳಲಾಗದು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಬ್ರಿಟಿಷ್ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಆ ಸೀಮೆಯ ಹಳ್ಳಿಗಳಲ್ಲಿ ಕಬ್ಬಿಣ ತೆಗೆಯುವುದನ್ನು ಬರೆದಿಟ್ಟಿದ್ದಾನೆ. ಗದ್ದೆಯ ಕಿಟ್ಟ ಯಾರು ಬಿಟ್ಟುಹೋದದ್ದೋ.

ಅದಿರು ಪೂರ್ತಿ ಇಳಿದ ಮೇಲೆ ಇನ್ನೂ ಎರಡು ಸಲ ಬರೀ ಇದ್ದಿಲು ಹಾಕಿ, ಅದು ಕೊಳವೆ ಮಟ್ಟಕ್ಕೆ ಇಳಿಯುವವರೆಗೆ ಗಾಳಿ ಬಿಟ್ಟು, ಬಾಗಿಲು ಒಡೆದು ಮುದ್ದೆ ಎಳೆದೆವು. ಸೌದೆ ಬಿಟ್ಟು ಇದ್ದಿಲೇ 30 ಕಿಲೋಗಿಂತ ಜಾಸ್ತಿ ಹೋಗಿತ್ತು. ಮುದ್ದೆ ಕೊಳವೆಯ ಕೆಳಗೆ ಗೋಡೆಗೆ ಅಂಟಿ ಕೂತಿತ್ತು, ತೂತು ತೂತು, ಅಂಚೆಲ್ಲ ಇದ್ದಿಲು ಕಚ್ಚಿಕೊಂಡು. ಆಚಾರ್ರು ಮೊದಲು ಕಬ್ಬಿಣದ ಸುತ್ತಿಗೆ ಮುಟ್ಟಲೇ ಇಲ್ಲ. ಮರದ ದಿಮ್ಮಿ ಮೇಲಿಟ್ಟು ಮರದ ಕೊಡತಿಯಿಂದ ನಾಲ್ಕೂ ಕಡೆ ಮೆಲ್ಲಗೆ ತಟ್ಟಿದರು. ಪ್ರತಿ ತಟ್ಟಿಗೆ ಕಿಟ್ಟ ಪಿಚಕ್ಕನೆ ಹೊರಬರುತ್ತಿತ್ತು. ಜೋರಾಗಿ ಹೊಡೆದರೆ ಮುದ್ದೆ ಚೂರಾಗುತ್ತದಂತೆ. ತೂಕ 2.9 ಕಿಲೋ.

ಪಟ್ಟಿ ಮಾಡುವುದು ಆಚಾರ್ರ ಸಾಲೆಯಲ್ಲಿ, ಬೇರೆ ದಿನ. ಬೆಳ್ಳಗೆ ಕಾಯಿಸುವುದು, ಅಡಿಗಲ್ಲ ಮೇಲೆ ಬಡಿಯುವುದು, ಮಡಚುವುದು, ಮತ್ತೆ ಬಡಿಯುವುದು. ಕಿಡಿಯ ಜೊತೆ ಕಿಟ್ಟ ಹಾರುತ್ತಾ ತೂಕ ಇಳಿಯುತ್ತಾ ಹೋಗಿ 1.6 ಕಿಲೋಗೆ ನಿಂತಿತು. ಅದಿರಿನಲ್ಲಿ 60 ಪರ್ಸೆಂಟ್ ಕಬ್ಬಿಣ ಅಂತ ಹಿಡಿದರೂ 15 ಕಿಲೋದಲ್ಲಿ 9 ಕಿಲೋ ಇರಬೇಕಿತ್ತು. ಉಳಿದದ್ದು ಕಿಟ್ಟದಲ್ಲಿದೆ. ಈ ಕ್ರಮದಲ್ಲಿ ಯಾವಾಗಲೂ ಅಷ್ಟೇ, ಅದಕ್ಕೇ ಬಿಳಿ ಕಲ್ಲಿನ ಬಗ್ಗೆ ಅಷ್ಟು ಬರೆದದ್ದು. ಪಟ್ಟಿಯ ತುದಿಯನ್ನು ಗ್ರೈಂಡರಿಗೆ ಹಿಡಿದಾಗ ಕಿಡಿ ಉದ್ದಕ್ಕೆ, ಕವಲೊಡೆಯದೆ ಹೋಯಿತು, ಅಂದರೆ ಇಂಗಾಲ ಕಡಿಮೆ, ಮೆದು ಕಬ್ಬಿಣ. ಒಂದು ಮೂಲೆಯಲ್ಲಿ ಮಾತ್ರ ಕಿಡಿ ಕವಲೊಡೆದು ಸಿಡಿಯಿತು. ಆಚಾರ್ರು ಆ ಮೂಲೆಯನ್ನು ಕತ್ತರಿಸಿ ಕಾಯಿಸಿ ನೀರಿಗದ್ದಿ ಅರ ಹಾಕಿ ನೋಡಿದರು. ಅರ ಜಾರಿತು, ಅಷ್ಟು ಗಟ್ಟಿ. "ಇದು ಉಕ್ಕು" ಅಂದು ಜೇಬಿಗೆ ಹಾಕಿಕೊಂಡರು, ವಾಪಸ್ ಕೊಡಲಿಲ್ಲ.

ಕುಲುಮೆಯ ಒಳಗೋಡೆ ಕೊಳವೆಯ ಸುತ್ತ ಎರಡು ಬೆರಳು ಆಳ ಕರಗಿದೆ. ಆ ಭಾಗ ಕೆತ್ತಿ, ಹುಲ್ಲಿನ ಬದಲು ಭತ್ತದ ಹೊಟ್ಟಿನ ಬೂದಿ ಸೇರಿಸಿದ ಮಣ್ಣು ತುಂಬಿದ್ದೇನೆ, ಬೂದಿಯಲ್ಲಿ ಸಿಲಿಕಾ ಜಾಸ್ತಿ ಇರುವುದರಿಂದ ಶಾಖ ಚೆನ್ನಾಗಿ ತಡೆಯುತ್ತದೆ. ಹೊಸ ಕೊಳವೆ ನೆರಳಲ್ಲಿ ಒಣಗುತ್ತಿದೆ. ಹೊಂಡದ ರಾಶಿಯಲ್ಲಿ ಇನ್ನೂ ಕಲ್ಲಿದೆ, ಅದರಲ್ಲಿ ಪಟ್ಟೆ ಕಲ್ಲೇ ಹೆಚ್ಚು. ಈ ಸಲ ಅದನ್ನು ಮುಷ್ಟಿ ಗಾತ್ರಕ್ಕಿಂತ ಸಣ್ಣಗೆ ಒಡೆದು, ಹೊಟ್ಟಿಲ್ಲದೆ, ಸೌದೆ ಸ್ವಲ್ಪ ದಪ್ಪನೆಯದು ಹಾಕಿ ಸುಡುವ ಯೋಚನೆ. ಮಳೆಗೆ ಮುಂಚೆ ಗುಡ್ಡೆ ಹಚ್ಚಬೇಕು. ಲಿಂಗದಹಳ್ಳಿ, ಕೆಮ್ಮಣ್ಣುಗುಂಡಿ ಕಡೆಯವರು ಯಾರಾದರೂ ಬರುವುದಾದರೆ ಬನ್ನಿ, ಮೊರ ಹಿಡಿದು ಬಿಳಿ ಕಲ್ಲು ಆರಿಸಲು ಜನ ಬೇಕು.